ಲೂಯಿಸ್–ಹ್ಯಾರಿಸ್ ದ್ವೀಪಕ್ಕೆ ಹೋಗುವವರಿಗೆ: ಗಾಳಿ ನೋಡಿ ದಿನ ಹಾಕಿಕೊಳ್ಳಿ

ಸ್ಕಾಟ್ಲೆಂಡ್‌ಗೆ ಬರುವ ನಮ್ಮವರು ಎಡಿನ್‌ಬರೋ ಕೋಟೆ, ಲಾಕ್ ನೆಸ್ ನೋಡುತ್ತಾರೆ. ಸಮಯ ಇದ್ದರೆ ಸ್ಕೈ ದ್ವೀಪಕ್ಕೂ ಹೋಗಿ ವಾಪಸ್ ಆಗುತ್ತಾರೆ. ಸ್ಕೈ ದಾಟಿ ಇನ್ನೂ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿಕೊಂಡು ಲೂಯಿಸ್ ಮತ್ತು ಹ್ಯಾರಿಸ್ ಇದೆ. ಹೆಸರು ಎರಡು, ದ್ವೀಪ ಒಂದೇ. ಸ್ಕಾಟ್ಲೆಂಡ್‌ನ ಅತಿ ದೊಡ್ಡ ದ್ವೀಪ ಇದು. ಸುಮಾರು 2,180 ಚದರ ಕಿ.ಮೀ. ಜಾಗದಲ್ಲಿ ಜನ ಇಪ್ಪತ್ತು ಸಾವಿರದ ಆಸುಪಾಸು. ಉತ್ತರದ ಲೂಯಿಸ್ ಭಾಗದಲ್ಲಿ ಮರವೇ ಇಲ್ಲದ ಕಂದು ಬಯಲು, ದಕ್ಷಿಣದ ಹ್ಯಾರಿಸ್ ಭಾಗದಲ್ಲಿ ಬೋಳು ಕಲ್ಲುಗುಡ್ಡ. ಆ ಗುಡ್ಡಗಳ ಬುಡದಲ್ಲೇ ಬೆಳ್ಳನೆಯ ಮರಳಿನ ಕಡಲತೀರಗಳು.

ಇಲ್ಲಿಗೆ ಬರುವವರು "ಸೋಮವಾರ ಇದು, ಮಂಗಳವಾರ ಅದು" ಅಂತ ಊರಿಂದಲೇ ಪಟ್ಟಿ ಮಾಡಿಕೊಂಡು ಬರಬೇಡಿ. ಯಾವ ದಿನ ಎಲ್ಲಿಗೆ ಹೋಗಬೇಕು ಅನ್ನೋದನ್ನು ಇಲ್ಲಿ ಗಾಳಿ ತೀರ್ಮಾನ ಮಾಡುತ್ತದೆ. ನೋಡಬೇಕಾದ ಜಾಗ ಯಾವುವು ಅಂತ ಗೊತ್ತಿರಲಿ, ಸಾಕು. ದಿನವನ್ನು ಹಿಂದಿನ ರಾತ್ರಿ ಹವಾಮಾನ ನೋಡಿ ನಿಗದಿ ಮಾಡಿ. ಕಡಿಮೆ ಅಂದರೂ ನಾಲ್ಕು ರಾತ್ರಿ ಇರಿ. ಒಂದೇ ದಿನದಲ್ಲಿ ಮುಗಿಸೋಣ ಅಂದರೆ ಕಾರಿನ ಕಿಟಕಿಯಿಂದ ಮಳೆ ನೋಡಿಕೊಂಡು ಬಂದಹಾಗೆ ಆಗುತ್ತದೆ.

ಯಾವಾಗ ಹೋಗಬೇಕು

ಮೇ ಮತ್ತು ಜೂನ್. ಮಳೆ ಸ್ವಲ್ಪ ಕಡಿಮೆ, ಹಗಲು ವಿಪರೀತ ಉದ್ದ. ಜೂನ್ ಕೊನೆಯಲ್ಲಿ ಸುಮಾರು 18 ಗಂಟೆ ಸೂರ್ಯ ಇರುತ್ತಾನೆ, ರಾತ್ರಿ ಹತ್ತೂವರೆಗೂ ನಡೆದಾಡಬಹುದು. ಜೂನ್–ಜುಲೈಯಲ್ಲಿ ಕಡಲತೀರದ ಹುಲ್ಲುಗಾವಲೆಲ್ಲ ಹೂವಾಗಿರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಜನ ಜಾಸ್ತಿ, ಮಿಡ್ಜ್ ಅನ್ನೋ ಕಚ್ಚುವ ಗುಂಗುರೂ ಜಾಸ್ತಿ. ಡಿಸೆಂಬರ್‌ನಲ್ಲಿ ಹಗಲು ಆರು ಗಂಟೆ ಚಿಲ್ಲರೆ ಅಷ್ಟೇ, ಬಿರುಗಾಳಿಗೆ ಫೆರ್ರಿ ನಿಲ್ಲುವುದೂ ಹೆಚ್ಚು. ಅದೃಷ್ಟ ಇದ್ದರೆ ಚಳಿಗಾಲದ ಕತ್ತಲಲ್ಲಿ ಉತ್ತರದ ಬೆಳಕು ಕಾಣಬಹುದು. ಆದರೆ ಮೊದಲ ಸಲ ಹೋಗುವವರಿಗೆ ಚಳಿಗಾಲ ಬೇಡ.

ಮೊದಲು ಫೆರ್ರಿ, ಆಮೇಲೆ ರೂಮು

ಈ ಕ್ರಮ ತಪ್ಪಿಸಬೇಡಿ. ಬೇಸಿಗೆಯಲ್ಲಿ ಫೆರ್ರಿಯಲ್ಲಿ ಕಾರಿನ ಜಾಗ ಬೇಗ ತುಂಬಿಹೋಗುತ್ತದೆ. ರೂಮು ಬುಕ್ ಮಾಡಿ, ಕಾರು ದಾಟಿಸಲು ಜಾಗ ಸಿಗದೆ ಒದ್ದಾಡುವವರು ಬಹಳ ಜನ. ಬರೀ ಪ್ರಯಾಣಿಕರಿಗೆ ಅಷ್ಟು ತೊಂದರೆ ಇಲ್ಲ.

ದಾರಿ ಎರಡು. ಒಂದು, ಇನ್ವರ್ನೆಸ್‌ನಿಂದ ಒಂದೂವರೆ ಗಂಟೆ ದೂರದ ಉಲ್ಲಾಪೂಲ್ ಬಂದರಿಗೆ ಹೋಗಿ, ಅಲ್ಲಿಂದ ಲೂಯಿಸ್‌ನ ಸ್ಟಾರ್ನೋವೇಗೆ ಎರಡೂವರೆ ಗಂಟೆ ದಾಟಿದ ಫೆರ್ರಿ. ಇನ್ನೊಂದು, ಸ್ಕೈ ದ್ವೀಪದ ಊಯಿಗ್‌ನಿಂದ ಹ್ಯಾರಿಸ್‌ನ ಟಾರ್ಬರ್ಟ್‌ಗೆ ಒಂದು ಗಂಟೆ ನಲವತ್ತು ನಿಮಿಷ. ಎರಡನ್ನೂ ನಡೆಸುವುದು ಕ್ಯಾಲ್‌ಮ್ಯಾಕ್ ಕಂಪನಿ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ, ಸ್ಕೈ ಕೂಡ ನೋಡಿದ ಹಾಗಾಯಿತು. ನಡುವಿನ ಸಮುದ್ರಕ್ಕೆ ಮಿಂಚ್ ಅಂತ ಹೆಸರು. ಹಡಗಿನೊಳಗೆ ಕೂತು ಫೋನ್ ನೋಡಬೇಡಿ, ಡೆಕ್ ಮೇಲೆ ನಿಲ್ಲಿ. ಡಾಲ್ಫಿನ್ ಕಾಣುವುದು ಇಲ್ಲಿ ಅಪರೂಪ ಅಲ್ಲ, ಕೆಲವೊಮ್ಮೆ ಮಿಂಕಿ ತಿಮಿಂಗಿಲದ ಬೆನ್ನೂ ಮೇಲೆ ಬರುತ್ತದೆ. ಸಮುದ್ರ ಆಗದವರು ಗ್ಲಾಸ್ಗೋ ಅಥವಾ ಇನ್ವರ್ನೆಸ್‌ನಿಂದ ಸ್ಟಾರ್ನೋವೇಗೆ ಸಣ್ಣ ವಿಮಾನದಲ್ಲಿ ಹೋಗಿ, ಅಲ್ಲೇ ಕಾರು ಬಾಡಿಗೆಗೆ ತೆಗೆದುಕೊಳ್ಳಬಹುದು.

ಉಳಿದುಕೊಳ್ಳಲು ಎರಡು ಊರು ಆರಿಸಿ. ಇರುವ ರಾತ್ರಿಗಳಲ್ಲಿ ಅರ್ಧ ಸ್ಟಾರ್ನೋವೇ ಕಡೆ, ಇನ್ನರ್ಧ ಟಾರ್ಬರ್ಟ್ ಕಡೆ. ಎರಡರ ನಡುವೆ ಸುಮಾರು 60 ಕಿ.ಮೀ., ಒಂದು ಗಂಟೆ ದಾರಿ. ದಿನಾ ಅದೇ ದಾರಿ ಓಡಾಡಿದರೆ ಸುಮ್ನೆ ಡೀಸೆಲ್ ದಂಡ.

ಗಾಡಿ ಓಡಿಸುವುದು

ಬ್ರಿಟನ್‌ನಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸಬೇಕು. ಭಾರತದ ಲೈಸೆನ್ಸ್ ಇದ್ದರೆ ಮೊದಲ 12 ತಿಂಗಳು ನಡೆಯುತ್ತದೆ. ಕಷ್ಟ ಇರುವುದು ಒಂಟಿ ರಸ್ತೆಗಳಲ್ಲಿ. ದ್ವೀಪದ ಒಳದಾರಿಗಳಲ್ಲಿ ಒಂದೇ ಗಾಡಿಗೆ ಜಾಗ, ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಅಂತ ಬೋರ್ಡ್ ಹಾಕಿ ಸ್ವಲ್ಪ ಅಗಲ ಬಿಟ್ಟಿರುತ್ತಾರೆ. ಎದುರಿಂದ ಗಾಡಿ ಬಂದಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ನೀವು ರಸ್ತೆಯಲ್ಲೇ ಅದರ ಪಕ್ಕ ನಿಲ್ಲಿ, ಎದುರಿನವರು ಒಳಗೆ ಹೋಗಿ ನಿಮ್ಮನ್ನು ದಾಟುತ್ತಾರೆ. ಯಾವ ಕಾರಣಕ್ಕೂ ಬಲಕ್ಕೆ ದಾಟಿ ನಿಲ್ಲಿಸಬೇಡಿ. ಹಿಂದೆ ಯಾರಾದರೂ ಬೇಗ ಬರುತ್ತಿದ್ದರೆ ಅವರಿಗೂ ದಾರಿ ಬಿಡಿ. ಆ ಗಾಡಿಯಲ್ಲಿ ನರ್ಸ್ ಇರಬಹುದು, ಪೋಸ್ಟ್ ಇರಬಹುದು. ದಾಟಿದ ಮೇಲೆ ಕೈ ಎತ್ತುವುದು ಇಲ್ಲಿನ ಪದ್ಧತಿ. ಫೋಟೋ ತೆಗೆಯಲು ಅಂತ ಪಾಸಿಂಗ್ ಪ್ಲೇಸ್‌ನಲ್ಲಿ ಗಾಡಿ ಬಿಟ್ಟು ಹೋಗುವುದನ್ನು ಕಂಡರೆ ಊರವರಿಗೆ ಸರಿಯಾಗೇ ಸಿಟ್ಟು ಬರುತ್ತದೆ.

ಏಪ್ರಿಲ್–ಮೇಯಲ್ಲಿ ಕುರಿಮರಿಗಳ ಬಗ್ಗೆ ಎಚ್ಚರ. ತಾಯಿ ರಸ್ತೆಯ ಒಂದು ಬದಿ, ಮರಿ ಇನ್ನೊಂದು ಬದಿ ಕಂಡರೆ ಮರಿ ದಾಟೇ ದಾಟುತ್ತದೆ. ಮೊದಲೇ ನಿಧಾನ ಮಾಡಿ.

ಬೋರ್ಡ್‌ಗಳಲ್ಲಿ ಊರಿನ ಹೆಸರು ಗೇಲಿಕ್ ಭಾಷೆಯಲ್ಲಿ ಇರುತ್ತದೆ. ಕ್ಯಾಲನಿಷ್ ಅನ್ನೋದು ಕ್ಯಾಲನೈಸ್ ಅಂತ, ಸ್ಟಾರ್ನೋವೇ ಅನ್ನೋದು ಸ್ಟಿಯೋರ್ನಬಾಗ್ ಅಂತ. ಹೋಗುವ ಜಾಗದ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಭಾನುವಾರಕ್ಕೆ ಶನಿವಾರವೇ ತಯಾರಿ

ಲೂಯಿಸ್‌ನಲ್ಲಿ ಭಾನುವಾರ ದೇವರ ದಿನ. ಸ್ಟಾರ್ನೋವೇಯಿಂದ ಭಾನುವಾರದ ವಿಮಾನ ಶುರುವಾದದ್ದು 2002ರಲ್ಲಿ, ಭಾನುವಾರದ ಫೆರ್ರಿ 2009ರಲ್ಲಿ. ಎರಡಕ್ಕೂ ಜೋರು ವಿರೋಧ ಇತ್ತು. ಸ್ಟಾರ್ನೋವೇಯ ಟೆಸ್ಕೊ ಅಂಗಡಿ ಭಾನುವಾರ ಬಾಗಿಲು ತೆರೆದದ್ದು 2024ರ ನವೆಂಬರ್‌ನಲ್ಲಿ. ಇವತ್ತಿಗೂ ಹಳ್ಳಿಗಳಲ್ಲಿ ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕ್, ಮ್ಯೂಸಿಯಂ ಬಹುಪಾಲು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಟ್ಯಾಂಕ್ ತುಂಬಿಸಿ, ಊಟದ ಸಾಮಾನು ತಂದಿಟ್ಟುಕೊಳ್ಳಿ. ಉಳಿದುಕೊಂಡ ಮನೆಯಲ್ಲಿ ಭಾನುವಾರ ಬಟ್ಟೆ ಒಗೆದು ಹೊರಗೆ ಒಣಹಾಕಬೇಡಿ, ಮನೆಯವರಿಗೆ ಮುಜುಗರ ಆಗಬಹುದು. ಕಲ್ಲು, ಕಡಲು, ಗುಡ್ಡ ಎಲ್ಲ ತೆರೆದೇ ಇರುತ್ತವೆ, ಆ ದಿನ ಅಲ್ಲಿಗೆ ಹೋಗಿ. ಚರ್ಚಿನ ಪಕ್ಕ ಹಾದು ಹೋಗುವಾಗ ಗೇಲಿಕ್ ಕೀರ್ತನೆ ಕೇಳಿಸಿದರೆ ಒಂದು ನಿಮಿಷ ನಿಲ್ಲಿ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಮಿಕ್ಕವರು ಒಬ್ಬೊಬ್ಬರೂ ತಮ್ಮದೇ ಎಳೆತದಲ್ಲಿ ಹಿಂಬಾಲಿಸುತ್ತಾರೆ. ವಾದ್ಯ ಇಲ್ಲ.

ಗಾಳಿ ಲೆಕ್ಕ

ಹಿಂದಿನ ರಾತ್ರಿ ನೋಡಬೇಕಾದದ್ದು ಮಳೆಗಿಂತ ಹೆಚ್ಚಾಗಿ ಗಾಳಿಯ ದಿಕ್ಕು ಮತ್ತು ವೇಗ. ಪಶ್ಚಿಮದ ಗಾಳಿ ಜೋರಾಗಿದ್ದರೆ ಸ್ಟಾರ್ನೋವೇಯ ಕಾಡು, ಮ್ಯೂಸಿಯಂ ಅಥವಾ ಹ್ಯಾರಿಸ್‌ನ ಪೂರ್ವದ ಅಂಚು. ಪೂರ್ವದ ಗಾಳಿ ಇದ್ದರೆ ಪಶ್ಚಿಮದ ಮರಳು ತೀರಗಳು ಹಿತವಾಗಿರುತ್ತವೆ. ಮೋಡ ಇಲ್ಲದೆ ತಿಳಿಯಾಗಿದ್ದರೆ ಬೇರೆಲ್ಲ ಬಿಟ್ಟು ಹ್ಯಾರಿಸ್ ಗುಡ್ಡಗಳಿಗೆ ಹೋಗಿ. ಗಾಳಿಯೇ ಇಲ್ಲದ ಮಂಕು ಸಂಜೆ ಬಂತು ಅಂದರೆ ಗುಂಗುರು ಮುತ್ತುತ್ತದೆ, ಒಳನಾಡು ಬಿಟ್ಟು ಕಡಲ ಅಂಚಿಗೆ ಬನ್ನಿ. ಸ್ವಲ್ಪ ಗಾಳಿ ಎದ್ದರೂ ಅವು ಹಾರಲಾರವು.

ಲೂಯಿಸ್‌ನ ಪಶ್ಚಿಮ ದಾರಿ

ಇದಕ್ಕೆ ಒಂದು ಪೂರ್ತಿ ದಿನ ಇಡಿ. ಸ್ಟಾರ್ನೋವೇಯಿಂದ ಉತ್ತರದ ತುದಿಗೆ ಮೊದಲು ಹೋಗಿ, ಆಮೇಲೆ ಪಶ್ಚಿಮದ ಅಂಚಿನಲ್ಲೇ ಕೆಳಗೆ ಇಳಿಯುತ್ತಾ ಬನ್ನಿ. ಹಾಗೆ ಬಂದರೆ ಸಂಜೆ ಬೆಳಕಿಗೆ ಸರಿಯಾಗಿ ಕ್ಯಾಲನಿಷ್ ಕಲ್ಲುಗಳ ಹತ್ತಿರ ಇರುತ್ತೀರಿ.

ಉತ್ತರದ ತುದಿಯ ಹೆಸರು ಬಟ್ ಆಫ್ ಲೂಯಿಸ್. 1862ರ ಕೆಂಪು ಇಟ್ಟಿಗೆಯ ದೀಪಸ್ತಂಭ ಇದೆ. ಬಂಡೆಯ ಅಂಚಿಗೆ ಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ, ಗಾಳಿ ಜೋರಿದ್ದರೆ ಅಂಚಿನಿಂದ ದೂರವೇ ನಿಲ್ಲಿ. ಇಲ್ಲಿ ನೋಡಬೇಕಾದದ್ದು ಗ್ಯಾನೆಟ್ ಹಕ್ಕಿ. ಬಿಳಿ ಮೈ, ಕಪ್ಪು ರೆಕ್ಕೆತುದಿ, ತಲೆಗೆ ತಿಳಿ ಹಳದಿ. ಎತ್ತರದಲ್ಲಿ ತೇಲುತ್ತಾ ಇರುತ್ತದೆ. ಮೀನು ಕಂಡ ತಕ್ಷಣ ತಲೆ ಕೆಳಗೆ ಮಾಡಿ ಬೀಳುತ್ತದೆ. ನೀರು ಮುಟ್ಟುವ ಕೊನೆಯ ಗಳಿಗೆಯಲ್ಲಿ ಎರಡೂ ರೆಕ್ಕೆ ಹಿಂದಕ್ಕೆ ಮಡಚಿ ಬಾಣ ಹೋದಹಾಗೆ ಹೋಗುತ್ತದೆ. ಬಿಳಿ ನೀರು ಚಿಮ್ಮಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಬೈನಾಕ್ಯುಲರ್ ಇದ್ದರೆ ಇಲ್ಲಿ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಕೆಳಗೆ ಬರುವಾಗ ಆರ್ನಲ್ ಹಳ್ಳಿಯಲ್ಲಿ 'ಬ್ಲ್ಯಾಕ್‌ಹೌಸ್' ಇದೆ. 1966ರವರೆಗೂ ಜನ ವಾಸ ಇದ್ದ ಮನೆ. ಎರಡು ಪದರ ಕಲ್ಲಿನ ಗೋಡೆ, ನಡುವೆ ಮಣ್ಣು ತುಂಬಿದ್ದಾರೆ. ಹುಲ್ಲಿನ ಮಾಡು ಗಾಳಿಗೆ ಹಾರದ ಹಾಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದಾರೆ. ಒಳಗೆ ನೆಲದ ನಡುವೆ ಪೀಟ್ ಬೆಂಕಿ. ಪೀಟ್ ಅಂದರೆ ಜೌಗಿನಲ್ಲಿ ಸಾವಿರಾರು ವರ್ಷ ಕೂತ ಪಾಚಿ–ಹುಲ್ಲಿನ ಕಪ್ಪು ಮಣ್ಣು. ಮರ ಇಲ್ಲದ ಈ ನಾಡಿನಲ್ಲಿ ಅದನ್ನೇ ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ ಸೌದೆ ಮಾಡಿಕೊಂಡರು. ಈ ಮನೆಗೆ ಹೊಗೆಗೂಡು ಇಲ್ಲ. ಹೊಗೆ ಮಾಡಿನ ಹುಲ್ಲಿನಲ್ಲೇ ನುಸುಳಿ ಹೊರಗೆ ಹೋಗಬೇಕು. ಆ ಮಸಿ ಹಿಡಿದ ಹುಲ್ಲನ್ನು ಆಮೇಲೆ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ದನಕ್ಕೂ ಜನಕ್ಕೂ ಒಂದೇ ಸೂರು. ಭಾನುವಾರ ಮುಚ್ಚಿರುತ್ತದೆ, ದುರಸ್ತಿಗೂ ಮುಚ್ಚುವುದುಂಟು. ಹೊರಡುವ ಮೊದಲು ಸಮಯ ನೋಡಿಕೊಳ್ಳಿ. ಇಂಥದೇ ಮನೆಗಳ ಇಡೀ ಕೇರಿ ಬೇಕು ಅಂದರೆ ಗಿಯರನ್ನನ್‌ಗೆ ಹೋಗಿ. ಕೊನೆಯ ನಿವಾಸಿಗಳು 1974ರಲ್ಲಿ ಬಿಟ್ಟುಹೋದ ಆ ಮನೆಗಳನ್ನು ಸರಿಪಡಿಸಿ ಈಗ ಬಾಡಿಗೆಗೆ ಕೊಡುತ್ತಾರೆ. ಒಂದು ರಾತ್ರಿ ಅಲ್ಲಿ ಮಲಗುವುದು ಹೋಟೆಲಿಗಿಂತ ಎಷ್ಟೋ ಮೇಲು.

ಸ್ವಲ್ಪ ಮುಂದೆ ಡನ್ ಕಾರ್ಲೊವೇ. ಎರಡು ಸಾವಿರ ವರ್ಷದ ಗುಂಡು ಕಲ್ಲುಗೋಪುರ, ಒಂದು ಬದಿ ಇನ್ನೂ ಸುಮಾರು 9 ಮೀಟರ್ ಎತ್ತರ ನಿಂತಿದೆ. ಗಾರೆ ಇಲ್ಲ. ಜೋಡಿ ಗೋಡೆಯ ನಡುವೆ ಮೆಟ್ಟಿಲು ಹತ್ತಿಹೋಗುವುದು ಮುರಿದ ಕಡೆಯಿಂದ ಚೆನ್ನಾಗಿ ಕಾಣುತ್ತದೆ. ಅರ್ಧ ಗಂಟೆ ಸಾಕು.

ಆಮೇಲೆ ಕ್ಯಾಲನಿಷ್. ಸುಮಾರು 5,000 ವರ್ಷದ ಹಿಂದೆ ನಿಲ್ಲಿಸಿದ ಕಲ್ಲುಗಳು. ನಡುವೆ 4.8 ಮೀಟರ್ ಎತ್ತರದ ಒಂದು ಕಲ್ಲು, ಅದರ ಸುತ್ತ 13 ಕಲ್ಲುಗಳ ಉಂಗುರ, ಅಲ್ಲಿಂದ ನಾಲ್ಕೂ ದಿಕ್ಕಿಗೆ ಸಾಲುಗಳು. ಕಾಲಾಂತರದಲ್ಲಿ ಪೀಟ್ ಬೆಳೆದು ಇವು ಅರ್ಧಂಬರ್ಧ ಹೂತುಹೋಗಿದ್ದವು. 1857ರಲ್ಲಿ ಒಂದೂವರೆ ಮೀಟರ್ ಪೀಟ್ ತೆಗೆಸಿದ ಮೇಲೆ ಪೂರ್ತಿ ಎತ್ತರ ಹೊರಬಂತು. 18.6 ವರ್ಷಕ್ಕೊಮ್ಮೆ ಚಂದ್ರ ಇಲ್ಲಿನ ದಕ್ಷಿಣದ ಗುಡ್ಡಗಳನ್ನು ಸವರಿಕೊಂಡಂತೆ ತೀರ ಕೆಳಗೆ ಹಾದುಹೋಗುತ್ತಾನೆ. ಈ ಸಲ ಅದು ಬಂದದ್ದು 2024–25ರಲ್ಲಿ. ಟೂರ್ ಬಸ್ಸು ಬರುವ ಮಧ್ಯಾಹ್ನ ತಪ್ಪಿಸಿ, ಬೆಳಗಿನ ಜಾವ ಅಥವಾ ಸಂಜೆ ಎಂಟರ ಮೇಲೆ ಹೋಗಿ. ಹತ್ತಿರದಲ್ಲೇ ಇನ್ನೆರಡು ಸಣ್ಣ ಕಲ್ಲುವೃತ್ತಗಳಿವೆ. ಅಲ್ಲಿಗೆ ನಡೆದೇ ಹೋಗಬಹುದು, ಜನ ಕಡಿಮೆ.

ಕಲ್ಲಿನ ಹತ್ತಿರ ನಿಂತು ನೋಡಿ. ಬಿಳಿ, ಬೂದು, ಕಪ್ಪು ಪಟ್ಟೆಗಳು ಸುತ್ತಿಕೊಂಡು ಹೋಗಿರುತ್ತವೆ, ನಡುವೆ ಕಪ್ಪು ಗಂಟುಗಳು. ಇದು ನೈಸ್ ಅನ್ನೋ ಶಿಲೆ, ಹಳೆಯ ಭಾಗಗಳ ವಯಸ್ಸು 300 ಕೋಟಿ ವರ್ಷದ ಸುಮಾರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸೇ, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಕೆಂಪೇಗೌಡರ ಗೋಪುರದ ಕೆಳಗೆ ಕೂತು ಬೆಳೆದವರಿಗೆ ಈ ಪಟ್ಟೆ ಹೊಸದಲ್ಲ.

ಊಯಿಗ್ ಮರಳು ಮತ್ತು ಚೆಸ್ ಕಾಯಿಗಳು

ಸ್ಕೈನ ಬಂದರಿಗೂ ಇದೇ ಹೆಸರು, ಗೊಂದಲ ಬೇಡ. ಇದು ಲೂಯಿಸ್‌ನ ನೈಋತ್ಯ ಮೂಲೆ. ಸ್ಟಾರ್ನೋವೇಯಿಂದ ಒಂದು ಗಂಟೆ ಮೇಲೆ ಹಿಡಿಯುತ್ತದೆ. ಇಳಿತದ ಹೊತ್ತಿಗೆ ಹೋದರೆ ಕಣ್ಣು ಹಾಯುವವರೆಗೂ ಮರಳು. 1831ರಲ್ಲಿ ಇಲ್ಲಿ ಸಿಕ್ಕಿದ ನಿಧಿಯಲ್ಲಿ ಒಟ್ಟು 93 ವಸ್ತುಗಳಿದ್ದವು. ಬಹುಪಾಲು ವಾಲ್ರಸ್ ದಂತದಲ್ಲಿ ಕೆತ್ತಿದ 12ನೇ ಶತಮಾನದ ಚೆಸ್ ಕಾಯಿಗಳು. ನಾರ್ವೆಯಲ್ಲಿ ಮಾಡಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಮ್ಮ ಚತುರಂಗ ಪರ್ಷಿಯಾ, ಅರಬ್ಬರ ನಾಡು ದಾಟಿ ಇಷ್ಟು ದೂರ ಬರುವಷ್ಟರಲ್ಲಿ ಆನೆ ಮಾಯವಾಗಿ ಬಿಷಪ್ ಬಂದಿದ್ದಾನೆ. ರಾಣಿಯರು ಕೆನ್ನೆಗೆ ಕೈ ಕೊಟ್ಟು ಚಿಂತೆಯಲ್ಲಿ ಕೂತಿದ್ದಾರೆ. ಒಬ್ಬ ಕಾವಲುಗಾರ ಆವೇಶದಲ್ಲಿ ತನ್ನ ಗುರಾಣಿಯನ್ನೇ ಕಚ್ಚುತ್ತಿದ್ದಾನೆ. ಹೆಚ್ಚಿನವು ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, 11 ಎಡಿನ್‌ಬರೋದಲ್ಲಿ. ಆರು ಕಾಯಿಗಳನ್ನು ಸ್ಟಾರ್ನೋವೇಯ ಲೂಸ್ ಕೋಟೆ ಮ್ಯೂಸಿಯಂನಲ್ಲಿ ನೋಡಬಹುದು. ಮಳೆಯ ದಿನಕ್ಕೆ ಅದನ್ನು ಇಟ್ಟುಕೊಳ್ಳಿ.

ಆ ಕೋಟೆ ಕಟ್ಟಿಸಿದ ಜೇಮ್ಸ್ ಮ್ಯಾಥಸನ್ ಹಣ ಮಾಡಿದ್ದು ಭಾರತದ ಅಫೀಮನ್ನು ಚೀನಾಕ್ಕೆ ಮಾರಿ. ಕೋಟೆಯ ಸುತ್ತಲಿನ ಕಾಡಿನಲ್ಲಿ ನಡೆಯುವಾಗ ಅದು ನೆನಪಿರಲಿ. ಸ್ಟಾರ್ನೋವೇಗೆ ನಮ್ಮ ಜೊತೆ ಇನ್ನೂ ಹತ್ತಿರದ ನಂಟಿದೆ. 1754ರಲ್ಲಿ ಇಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಆಮೇಲೆ ಮೈಸೂರು ಸೀಮೆಯನ್ನು ಅಳೆದ. ಜೊತೆಗಿದ್ದ ಭಾರತೀಯ ಪಂಡಿತರ ನೆರವಿನಿಂದ ಊರೂರಿನ ಕೈಫಿಯತ್ತು (ಸ್ಥಳೀಯ ಇತಿಹಾಸದ ಬರಹ), ಶಾಸನದ ನಕಲು ಕೂಡಿಹಾಕಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಅವನ ಭಾವಚಿತ್ರದ ಹಿನ್ನೆಲೆಯಲ್ಲಿ ನಿಂತಿರುವುದು ಕಾರ್ಕಳದ ಗೊಮ್ಮಟ.

ಸ್ಟಾರ್ನೋವೇ ಊರ ಹೊರಗೆ ಹೋಮ್ ಅನ್ನೋ ಕಡೆ ಒಂದು ಸ್ಮಾರಕ ಇದೆ, ತಪ್ಪದೆ ಹೋಗಿ. ಮೊದಲ ಮಹಾಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ದ್ವೀಪದ ಹುಡುಗರಿದ್ದ 'ಅಯೊಲೇರ್' ಹಡಗು 1919ರ ಜನವರಿ 1ರ ನಸುಕಿನಲ್ಲಿ ಇಲ್ಲಿನ ಬಂಡೆಗೆ ಬಡಿದು ಮುಳುಗಿತು. ದಡ ಕೂಗಳತೆಯಲ್ಲಿತ್ತು. ಸತ್ತವರು 201 ಮಂದಿ. ಲೂಯಿಸ್‌ನ ಉತ್ತರ ತುದಿಯ ನೆಸ್ ಕಡೆಯ ಜಾನ್ ಮೆಕ್ಲೌಡ್ ಹಗ್ಗ ಹಿಡಿದು ಈಜಿ ದಡ ಸೇರಿದ್ದರಿಂದ ಸುಮಾರು 40 ಜನ ಉಳಿದರು. ಅಲ್ಲಿ ಸೆಲ್ಫಿ ಬೇಡ.

ಹ್ಯಾರಿಸ್: ಪಶ್ಚಿಮಕ್ಕೆ ಮರಳು, ಪೂರ್ವಕ್ಕೆ ಕಲ್ಲು

ಸ್ಟಾರ್ನೋವೇಯಿಂದ ಟಾರ್ಬರ್ಟ್‌ಗೆ ಬರುವಾಗ ರಸ್ತೆ ಕ್ಲಿಶಮ್ ಬೆಟ್ಟದ ಪಕ್ಕ ಏರುತ್ತದೆ. 799 ಮೀಟರ್, ಲೂಯಿಸ್–ಹ್ಯಾರಿಸ್ ಸೇರಿರುವ ಹೆಬ್ರಿಡೀಸ್ ಹೊರದ್ವೀಪಗಳಲ್ಲೇ ಎತ್ತರ. ಬೆಟ್ಟ ಹತ್ತಿ ಅಭ್ಯಾಸ ಇದ್ದವರು ಮಾತ್ರ, ತಿಳಿ ದಿನದಲ್ಲಿ ಮಾತ್ರ ಹತ್ತಿ. ಮೋಡ ಇಳಿದರೆ ಸರಿಯಾದ ಕಾಲುದಾರಿ ಕಾಣುವುದಿಲ್ಲ.

ಮಕ್ಕಳು, ಹಿರಿಯರು ಇದ್ದರೆ ಮಿಯವೇಗ್ ಕಣಿವೆ ಒಳ್ಳೆಯದು. ಹುಷಿನಿಷ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಸುಮಾರು 2 ಕಿ.ಮೀ. ಕಲ್ಲುದಾರಿಯಲ್ಲಿ ನಡೆದರೆ ಹುಲ್ಲು ಹೊದಿಸಿದ ಒಂದು ಗುಡಿಸಲು ಸಿಗುತ್ತದೆ, ಗೋಲ್ಡನ್ ಈಗಲ್ ನೋಡಲು ಅಂತಲೇ ಕಟ್ಟಿದ್ದು. ಈ ಹದ್ದುಗಳು ಇಷ್ಟು ಒತ್ತಾಗಿ ಗೂಡು ಕಟ್ಟುವ ಜಾಗ ಯುರೋಪಿನಲ್ಲೇ ಕಡಿಮೆ. ಮಳೆ ಇಲ್ಲದೆ ಗಾಳಿ ಬೀಸುವ ದಿನ ಅವು ಹಾರುವುದು ಜಾಸ್ತಿ. ಗುಡ್ಡದ ನೆತ್ತಿಯ ಗೆರೆಯನ್ನೇ ನೋಡುತ್ತಿರಿ, ಅಲ್ಲಿಂದಲೇ ಮೇಲೇಳುತ್ತವೆ. ಈ ಜಮೀನೆಲ್ಲ 2003ರಿಂದ ಊರವರದೇ ಟ್ರಸ್ಟಿನ ಕೈಯಲ್ಲಿದೆ.

ಅದೇ ರಸ್ತೆಯ ಕೊನೆಯಲ್ಲಿ ಹುಷಿನಿಷ್ ತೀರ. ಎದುರಿಗೆ ಈಗ ಯಾರೂ ಕಾಯಂ ಇರದ ಸ್ಕಾರ್ಪ್ ದ್ವೀಪ. 1934ರಲ್ಲಿ ಜರ್ಮನಿಯ ಗೆರ್ಹಾರ್ಡ್ ಝುಕರ್ ರಾಕೆಟ್‌ನಲ್ಲಿ ಅಂಚೆ ಕಳಿಸಲು ನೋಡಿದ್ದು ಇಲ್ಲೇ. ರಾಕೆಟ್ ಸಿಡಿದು ಕಾಗದಗಳು ಸುಟ್ಟು ಚೆಲ್ಲಾಪಿಲ್ಲಿ ಆದವು.

ಇನ್ನು ಪಶ್ಚಿಮದ ಲಸ್ಕಂಟಾಯರ್ ತೀರ. ಚಿಪ್ಪು ಪುಡಿಯಾಗಿ ಆದ ಮರಳು ಇದು, ಅದಕ್ಕೇ ಅಷ್ಟು ಬಿಳಿ. ಬಿಸಿಲು ಬಿದ್ದಾಗ ಆಳ ಕಡಿಮೆ ಇರುವ ನೀರು ಹಸಿರು, ಆಚೆ ನೀಲಿ, ಅದರಾಚೆ ಟ್ಯಾರನ್ಸೇ ದ್ವೀಪ. ಉಬ್ಬರ–ಇಳಿತದ ವೇಳೆ ನೋಡಿಕೊಂಡು, ಇಳಿತಕ್ಕೆ ಒಂದೆರಡು ಗಂಟೆ ಮೊದಲು ಹೋಗಿ. ಮರಳಿನಲ್ಲಿ ದೂರ ಹೋದವರು ನೀರು ತಿರುಗುವ ಮೊದಲೇ ವಾಪಸ್ ಆಗಬೇಕು. ಇಲ್ಲಿನ ಪಾರ್ಕಿಂಗ್ ತುಂಬಿದ್ದರೆ ಸೀಲಬಾಸ್ಟ್, ಸ್ಕಾರಿಸ್ಟಾ ತೀರಗಳೂ ಏನೂ ಕಮ್ಮಿ ಇಲ್ಲ. ತೀರದ ಹಿಂದಿನ ಹೂವಿನ ಹುಲ್ಲುಗಾವಲಿಗೆ ಮಾಹಿರ್ ಅನ್ನುತ್ತಾರೆ. ಅದು ರೈತರ ಭೂಮಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮನೆ. 2003ರ ಕಾಯಿದೆ ಪ್ರಕಾರ ಸ್ಕಾಟ್ಲೆಂಡ್‌ನಲ್ಲಿ ಬಹುತೇಕ ಎಲ್ಲ ಕಡೆ ನಡೆಯಬಹುದು, ಟೆಂಟ್ ಹಾಕಬಹುದು. ಗಾಡಿ ನುಗ್ಗಿಸುವ ಹಕ್ಕು ಮಾತ್ರ ಇಲ್ಲ.

ಮರಳು ನೋಡಿದವರು ಪೂರ್ವದ ಬೇಸ್ ಅನ್ನೋ ಪ್ರದೇಶಕ್ಕೂ ಹೋಗಲೇಬೇಕು. ಗೋಲ್ಡನ್ ರೋಡ್ ಅನ್ನೋ ಒಂಟಿ ರಸ್ತೆ ಬಂಡೆಗಳ ನಡುವೆ ತಿರುಚಿಕೊಂಡು ಹೋಗುತ್ತದೆ. 19ನೇ ಶತಮಾನದಲ್ಲಿ ಜಮೀನ್ದಾರರು ಕುರಿ ಸಾಕಲು ಪಶ್ಚಿಮದ ಒಳ್ಳೆ ಭೂಮಿಯಿಂದ ಜನರನ್ನು ಎಬ್ಬಿಸಿ ಈ ಕಲ್ಲಿಗೆ ತಳ್ಳಿದರು. ಬಂಡೆಗಳ ನಡುವೆ ಉದ್ದುದ್ದ ಏರಿ ಕಾಣುತ್ತವಲ್ಲ, ಅವು ಕಡಲಪಾಚಿ, ಮಣ್ಣು ಹೊತ್ತು ತಂದು ಆಲೂಗಡ್ಡೆಗೆ ಮಾಡಿದ ಹೊಲ. ಹೆಣ ಹೂಳುವಷ್ಟು ಮಣ್ಣೂ ಇರಲಿಲ್ಲ. ಸತ್ತವರನ್ನು ಗುಡ್ಡ ದಾಟಿಸಿ ಪಶ್ಚಿಮದ ಮರಳಿಗೆ ಹೊತ್ತೊಯ್ಯುತ್ತಿದ್ದರು. ಆ ದಾರಿಯಲ್ಲಿ ಇವತ್ತೂ ನಡೆಯಬಹುದು. ನನ್ನ ಕೇಳಿದರೆ ಲಸ್ಕಂಟಾಯರ್ ಅರ್ಥ ಆಗಬೇಕಾದರೆ ಈ ಕಡೆಯನ್ನೂ ನೋಡಿರಬೇಕು.

ದಾರಿಯಲ್ಲಿ ಮಗ್ಗದ ಸದ್ದು ಕೇಳಿದರೆ ಒಳಗೆ ಹೋಗಿ ಕೇಳಿ, ತೋರಿಸುತ್ತಾರೆ. 1993ರ ಕಾಯಿದೆ ಪ್ರಕಾರ ಈ ಹೊರದ್ವೀಪಗಳ ಜನ ತಮ್ಮ ಮನೆಯಲ್ಲೇ ನೇಯ್ದ ಉಣ್ಣೆ ಬಟ್ಟೆಗೆ ಮಾತ್ರ ಹ್ಯಾರಿಸ್ ಟ್ವೀಡ್ ಅನ್ನಬಹುದು. ಕೊಳ್ಳುವುದಿದ್ದರೆ ಗೋಳದ ಮೇಲೆ ಶಿಲುಬೆ ಇರುವ ಮುದ್ರೆ ನೋಡಿ, ನೇಯ್ದವರ ಕೈಯಿಂದಲೇ ಕೊಳ್ಳಿ.

ಬಟ್ಟೆ, ಊಟ, ಉಣುಗು

ಛತ್ರಿ ಮನೆಯಲ್ಲೇ ಬಿಡಿ, ಗಾಳಿಗೆ ನಿಲ್ಲುವುದಿಲ್ಲ. ಒಳ್ಳೆ ರೇನ್ ಜಾಕೆಟ್, ಮಳೆ ಪ್ಯಾಂಟ್, ನೀರು ನುಗ್ಗದ ಬೂಟು, ಉಣ್ಣೆ ಟೋಪಿ ಜೂನ್‌ನಲ್ಲೂ ಬೇಕು. ಸಸ್ಯಾಹಾರಿಗಳು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಅಕ್ಕಿ, ಬೇಳೆ, ತರಕಾರಿ ಸ್ಟಾರ್ನೋವೇಯಲ್ಲಿ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ ಊರಿಂದ ತನ್ನಿ. ತುಪ್ಪ, ಪೇಡಾದಂಥ ಹಾಲಿನ ಪದಾರ್ಥ ಭಾರತದಿಂದ ತರುವಂತಿಲ್ಲ.

ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಾಗಿಲ್ಲ. ಇಲ್ಲಿನ ಉಣುಗು ಲೈಮ್ ಕಾಯಿಲೆ ಹರಡಬಲ್ಲದು. ಹುಲ್ಲಿನಲ್ಲಿ ನಡೆದ ದಿನ ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ, ರಾತ್ರಿ ಮೊಣಕಾಲ ಹಿಂದೆ, ಸೊಂಟ, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪಾಗಿ ಹರಡಿದರೆ ಡಾಕ್ಟರಿಗೆ ತೋರಿಸಿ, ಸ್ಕಾಟ್ಲೆಂಡ್‌ನಲ್ಲಿ ಉಣುಗು ಕಚ್ಚಿತ್ತು ಅಂತ ಹೇಳಿ. ಗುಡ್ಡದಲ್ಲಿ ಅಪಾಯ ಆದರೆ 999ಕ್ಕೆ ಫೋನ್ ಮಾಡಿ ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಕಡಲಲ್ಲಾದರೆ ಕೋಸ್ಟ್‌ಗಾರ್ಡ್.

ವಾಪಸ್ ಹೋಗುವ ಫೆರ್ರಿಗೂ, ಭಾರತದ ವಿಮಾನಕ್ಕೂ ನಡುವೆ ಕಡಿಮೆ ಅಂದರೂ ಎರಡು ರಾತ್ರಿ ಇರಲಿ. ಗಾಳಿಗೆ ಫೆರ್ರಿ ನಿಂತರೆ ಮುಂದಿನದರಲ್ಲಿ ಜಾಗ ಕೊಡುತ್ತಾರೆ. ಆದರೆ ಅದು ಮರುದಿನವೂ ಆಗಬಹುದು. ಹೊರಡುವ ಹಿಂದಿನ ಸಂಜೆ ಮತ್ತು ಅವತ್ತು ಬೆಳಿಗ್ಗೆ ಎರಡು ಸಲ ಸ್ಥಿತಿ ನೋಡಿಕೊಂಡೇ ರೂಮು ಖಾಲಿ ಮಾಡಿ.